ಹಜಿರಾ ಬೀ ಬಂಡಿಗೆ ಕಟ್ಟಿದ ಪರದೆ

ಬಸವಕಲ್ಯಾಣವನ್ನು ಎಲ್ಲರೂ ಬರೀ ಕಲ್ಯಾಣಿ ಎನ್ನುತ್ತಿದ್ದ ಕಾಲದಲ್ಲಿ ಅಲ್ಲಿನ ಸೂಲಗಿತ್ತಿ ಹಜಿರಾ ಬೀ. ನಮ್ಮ ಓಣಿಯಲ್ಲಿ ಹುಟ್ಟಿದವರೆಲ್ಲರ ಹೊಕ್ಕಳಬಳ್ಳಿ ಕೊಯ್ದವಳು ಅವಳೇ, ನನ್ನದೂ ಸೇರಿ. ಬಾಯಿ ಬಹಳ ಜೋರು. ಹೆರಿಗೆಯ ಮನೆಯಲ್ಲಿ ಗಂಡಸರು ಸುಳಿದಾಡುವುದು ಕಂಡರೆ ಸಾಕು, "ನಿಮ್ಮ ಕೆಲಸ ಒಂಬತ್ತು ತಿಂಗಳ ಹಿಂದೇ ಮುಗದದ, ಹೊರಗ ನಡೀರಿ" ಎಂದು ಅಟ್ಟುತ್ತಿದ್ದಳು. ಆ ಹಕ್ಕು ಅವಳಿಗಿತ್ತು. ಸೂಲಗಿತ್ತಿ ಕೋಣೆಗೆ ಪರದೆ ಕಟ್ಟಿ ಬೇವಿನ ಟೊಂಗೆ ಸಿಕ್ಕಿಸಿದಳೆಂದರೆ, ಬಾಣಂತಿಗೆ ನೀರು ಹಾಕುವವರೆಗೂ ಆ ಪರದೆಯನ್ನು ಯಾವ ಗಂಡಸೂ ಸರಿಸುವಂತಿರಲಿಲ್ಲ. ಹಿಂದೂ ಮನೆಯಾದರೂ ಅಷ್ಟೇ, ಮುಸಲ್ಮಾನರ ಮನೆಯಾದರೂ ಅಷ್ಟೇ.

ಸಾವಿರದ ಒಂಬೈನೂರ ನಲವತ್ತೇಳರ ಆಗಸ್ಟ್ ಮುಗಿಯುತ್ತ ಬಂದಿತ್ತು. ಪಾತ್ರೆಗಳಿಗೆ ಕಲಾಯಿ ಹಾಕುವ ಅಲ್ಲಾಬಕ್ಷನ ಸೊಸೆ ಅನ್ವರಿಗೆ ದಿನ ತುಂಬಿತ್ತು. ಗಂಡ ಇಸ್ಮಾಯಿಲ ಸೋಲಾಪುರದ ಗಿರಣಿಯಲ್ಲಿದ್ದ. ಹಜಿರಾ ಬೀ ಹೊಟ್ಟೆ ಸವರಿ ನೋಡಿದವಳು ಬೆವೆತುಬಿಟ್ಟಳು. ಮಗು ಅಡ್ಡ ಮಲಗಿತ್ತು. ಹಿಂದೆ ಮೋರಖಂಡಿಯಲ್ಲಿ ಇಂಥದೇ ಹೆರಿಗೆಯಲ್ಲಿ ತಾಯಿ ಮಗು ಇಬ್ಬರೂ ಅವಳ ಕೈಯಲ್ಲೇ ಹೋಗಿದ್ದರು.

"ಅಲ್ಲಾಬಕ್ಷ ಭಾಯಿ, ಇದು ನನ್ನ ಕೈಲಿ ಆಗೂದಲ್ರಿ. ನೋವು ಸುರು ಆಗೂದರೊಳಗ ಹುಮನಾಬಾದ ದವಾಖಾನಿಗೆ ಒಯ್ರಿ."

"ಅಲ್ಲಿ ಡಾಕ್ಟರ್ ಗಂಡಸು. ಪರಗಂಡಸು ನನ್ನ ಸೊಸಿ ಮೈ ಮುಟ್ಟೂದೇನು ಆಪಾ? ಸಾಯೂದಾದ್ರ ಮನ್ಯಾಗೇ ಸಾಯಲಿ."

ಗೋಡೆಯ ಆಚೆ ಕೂತಿದ್ದ ಅನ್ವರಿಗೆ ಅದು ಕೇಳಿಸಿತು. ಈ ಮಾತು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಅಲ್ಲಾಬಕ್ಷ ಕೆಟ್ಟವನೇನಲ್ಲ, ಆದರೆ ಮರ್ಯಾದೆ ಎಂಬುದು ತಲೆಗೆ ಹತ್ತಿದರೆ ಒಳ್ಳೆಯವರೂ ಎಂಥ ಮಾತಾಡುತ್ತಾರೆ!

ಹಜಿರಾ ಬೀ ಸಿಟ್ಟಿನಲ್ಲಿ ಹೊರಟು ಕಾಶಿರಾಮನ ಚಹಾದ ಅಂಗಡಿಯ ಮುಂದೆ ಬಂದಳು. ಒಳಗೆ ಸಾಲಿಮಾಸ್ತರ ಸಲಾವುದ್ದೀನ್ ಉರ್ದು ಪತ್ರಿಕೆ ಹಿಡಿದು ದಿಲ್ಲಿಯ ಹೊಸ ಮಂತ್ರಿಮಂಡಲದ ಸುದ್ದಿ ಹೇಳುತ್ತಿದ್ದರು. ನಮ್ಮದು ನಿಜಾಮರ ರಾಜ್ಯ, ದಿಲ್ಲಿಯದು ಪರದೇಶದ ಸುದ್ದಿ ಇದ್ದಂತೆ; ಆದರೂ ಅಂಗಡಿಯಲ್ಲಿ ಕೂತವರೆಲ್ಲ ಬಾಯಿ ಬಿಟ್ಟು ಕೇಳುತ್ತಿದ್ದರು. ಒಂದೇ ಪಕ್ಷದವರಲ್ಲವಂತೆ. ನಿನ್ನೆಯವರೆಗೆ ಕಾಂಗ್ರೆಸ್ಸನ್ನು ಬೈದವರನ್ನೂ ಕರೆದು ಕೂಡಿಸಿದ್ದಾರಂತೆ. ಲಷ್ಕರು ಒಬ್ಬ ಸಿಖ್ಖರಿಗೆ, ವ್ಯಾಪಾರ ಒಬ್ಬ ಪಾರಸಿಗೆ, ತಾಲೀಮು, ಅಂದರೆ ಶಾಲೆ-ವಿದ್ಯೆ, ಒಬ್ಬ ಮುಸಲ್ಮಾನರಿಗೆ. ಕಾನೂನು ಮಾತ್ರ ಊರ ಹೊರಗಿಟ್ಟ ಜಾತಿಯಲ್ಲಿ ಹುಟ್ಟಿದವರಿಗೆ ಎಂದಾಗ ಕಾಶಿರಾಮನ ಕೈಯ ಕೆಟಲಿ ಅಲ್ಲೇ ನಿಂತಿತು. "ಏನಂದ್ರಿ ಮಾಸ್ತರ? ಇನ್ನೊಮ್ಮೆ ಓದ್ರಿ."

"ಇನ್ನೂ ಕೇಳು. ದವಾಖಾನಿ, ಡಾಕ್ಟರು ಎಲ್ಲಾ ಒಬ್ಬ ಹೆಂಗಸಿನ ಕೈಯಾಗ ಕೊಟ್ಟಾರ."

ಹಜಿರಾ ಬೀ ಮರ್ಯಾದೆ ಮರೆತು ಹೊಸ್ತಿಲವರೆಗೂ ಬಂದುಬಿಟ್ಟಳು. "ಹೆಂಗಸಾ? ಡಾಕ್ಟರೆಲ್ಲಾ ಆಕೀಗ ಸಲಾಮ್ ಹೊಡೀಬೇಕೇನ್ರಿ?"

"ಹೊಡೀಬೇಕವಾ."

ಎದೆಗೆ ಗುದ್ದಿದ ಹಾಗಾಯಿತು ಎಂದು ಅವಳೇ ಹೇಳುತ್ತಿದ್ದಳು. ಖುಷಿಯಲ್ಲ, ದಿಗಿಲು. ಇಷ್ಟು ದೊಡ್ಡ ಅಧಿಕಾರ ಹೆಂಗಸಿಗೆ ಕೊಡಬಹುದು ಎಂಬುದೇ ಅವಳ ತಲೆಯಲ್ಲಿ ಹಿಡಿಯಲಿಲ್ಲ. ಸೀದಾ ಅಲ್ಲಾಬಕ್ಷನ ಕುಲುಮೆಗೆ ಓಡಿದಳು. "ಭಾಯಿ, ದಿಲ್ಲಿಯಾಗ ದವಾಖಾನಿಗೆಲ್ಲಾ ಹೆಂಗಸೇ ದೊಡ್ಡಾಕಿ. ಹುಮನಾಬಾದ ಡಾಕ್ಟರ್ ಆಕಿ ಕೈಕೆಳಗಿನಾಂವ. ಆಂವ ಮುಟ್ಟಿದ್ರ ಹೆಂಗಸು ಮುಟ್ಟಿದಂಗೇ ಲೆಕ್ಕ!"

ಅಲ್ಲಾಬಕ್ಷ ದಂಗಾಗಿ ಇಕ್ಕಳ ಕೆಳಗಿಟ್ಟ. ಎದ್ದು ಹೋಗಿ ಮಾಸ್ತರರನ್ನೇ ಕೇಳಿ ಬಂದ. "ಹೆಂಗಸು ಅನ್ನೂದು ಖರೆ ಆಪಾ. ಆದ್ರ ಆಕಿ ಹುಕುಂ ಬ್ರಿಟಿಷರಿದ್ದ ಕಡಿ ನಡೀತದ, ನಮ್ಮ ಸರ್ಕಾರದಾಗ ನಡಿಯಂಗಿಲ್ಲಂತ." ಮತ್ತೆ ಇಕ್ಕಳ ಹಿಡಿದ. ಹಜಿರಾ ಬೀ ಶಾಪ ಹಾಕುತ್ತ ಮನೆಗೆ ನಡೆದಳು. ಹಾಳಾದ ಗಡಿ!

ಮರುದಿನ ಬೆಳಿಗ್ಗೆ ಅವಳು ಅನ್ವರಿಯ ಹತ್ತಿರ ಹೋಗಿ ಕೂತಳು. "ಬದುಕಬೇಕು ಅಂತೀಯೇನ ಬೇಟಿ?"

"ಹೌದ್ರಿ ಖಾಲಾ," ಎಂದಳು ಆ ಹುಡುಗಿ. ಅಷ್ಟೇ ಹೇಳಿ ಅಳತೊಡಗಿದಳು.

ಹಜಿರಾ ಬೀ ಹೇಳಿಕಳಿಸಿದ್ದ ಬಂಡೆಪ್ಪನ ಬಂಡಿ ಹಿತ್ತಲ ಬಾಗಿಲಿಗೆ ಬಂತು. ಅವನ ಮಕ್ಕಳಿಗೂ ಸೂಲಗಿತ್ತಿ ಇವಳೇ, ಇಲ್ಲ ಎನ್ನುವ ಧೈರ್ಯ ಅವನಿಗೆಲ್ಲಿಂದ ಬರಬೇಕು? ಅನ್ವರಿಯನ್ನು ಹತ್ತಿಸುವಷ್ಟರಲ್ಲಿ ಅಲ್ಲಾಬಕ್ಷ ಸುದ್ದಿ ತಿಳಿದು ಓಡಿಬಂದ. ಓಣಿಯೆಲ್ಲ ಕೂಡಿತು. ಹಜಿರಾ ಬೀ ತನ್ನ ಚಾದರವನ್ನೇ ಬಿಚ್ಚಿ ಬಂಡಿಯ ಹಿಂದೆ ಕಟ್ಟಿ, ಬೇವಿನ ಟೊಂಗೆ ಮುರಿದು ಸಿಕ್ಕಿಸಿದಳು.

"ಇನ್ನ ಇದೇ ಬಾಣಂತಿ ಕೋಣಿ! ಪರದೆ ಸರಿಸೋ ಗಂಡಸು ಯಾರದೀರಿ, ಬರ್ರಿ ಮುಂದ."

ಬಂಡಿಯನ್ನು ಬಾಣಂತಿ ಕೋಣೆ ಎಂದವರನ್ನು ಕಲ್ಯಾಣಿ ಕಂಡಿರಲಿಲ್ಲ. ಮೇಲಾಗಿ ಹಜಿರಾ ಬೀ ಬರಿತಲೆಯಲ್ಲಿ ಬೀದಿಯಲ್ಲಿ ನಿಂತಿದ್ದಳು. ಅಲ್ಲಾಬಕ್ಷನ ಕೈ ಚಾದರದ ತನಕ ಹೋಯಿತು, ಆದರೆ ಮುಟ್ಟಲಿಲ್ಲ. ಬಂಡಿ ಹೊರಟಿತು. ಅವನು ಬೈಯುತ್ತ ಹಿಂದೆಯೇ ನಡೆದ.

ದಾರಿಯ ರಾಜೇಶ್ವರ ಊರು ದಾಟುವ ಮೊದಲೇ ಅನ್ವರಿಗೆ ನೋವು ಸುರುವಾಯಿತು. ಅವಳ ಚೀರಾಟಕ್ಕೆ ಎತ್ತುಗಳೂ ಬೆದರಿದವು. ಅಲ್ಲಾಬಕ್ಷ ಅಂಥ ಕೂಗನ್ನು ಅಷ್ಟು ಹತ್ತಿರದಿಂದ ಕೇಳಿದವನೇ ಅಲ್ಲ. ತನ್ನ ಮಕ್ಕಳು ಹುಟ್ಟುವಾಗಲೆಲ್ಲ ಅವನು ಕುಲುಮೆಯಲ್ಲಿರುತ್ತಿದ್ದ, ಯಾರೋ ಬಂದು ಗಂಡೋ ಹೆಣ್ಣೋ ಹೇಳಿ ಹೋಗುತ್ತಿದ್ದರು. ಈಗ ನಡುವೆ ಒಂದು ಹಳೆಯ ಚಾದರ ಮಾತ್ರ. ಬೈಗುಳ ತಾನಾಗಿ ನಿಂತಿತು. ಹಳ್ಳದ ಏರಿನಲ್ಲಿ ಎತ್ತು ಸೋತಾಗ ಅವನೇ ಬಂಡಿಗೆ ಹೆಗಲು ಕೊಟ್ಟ.

ಹುಮನಾಬಾದಿನ ಡಾಕ್ಟರು ಅನ್ವರಿಗೆ ಮತ್ತಿನ ಔಷಧ ಕೊಟ್ಟು, ಮಗುವನ್ನು ಒಳಗೇ ತಿರುಗಿಸಿ ಕಾಲು ಹಿಡಿದು ಹೊರತೆಗೆದರು. ಗಂಡು ಮಗು. ಮೊದಲು ಅಳಲಿಲ್ಲ, ಬೆನ್ನಿಗೆ ಬಡಿದ ಮೇಲೆ ಅತ್ತಿತು. ಹಜಿರಾ ಬೀ ಅದನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದಳು. ಅಲ್ಲಾಬಕ್ಷ ಗೋಡೆಗೆ ಮುಖ ಮಾಡಿ ನಿಂತಿದ್ದ. ಬೈಗುಳ ತಿನ್ನಲು ಅವಳು ತಯಾರಾಗಿಯೇ ಬಂದಿದ್ದಳು.

"ಮೊಮ್ಮಗ ಹುಟ್ಟ್ಯಾನ್ರಿ," ಎಂದು ಮಗುವನ್ನು ಮುಂದೆ ಹಿಡಿದಳು.

ಅವನು ಮಗುವಿನ ಕಡೆ ನೋಡಲೇ ಇಲ್ಲ. "ಅನ್ವರಿ ಉಳದಾಳೇನ ಆಪಾ?"

ಹಜಿರಾ ಬೀ ಹೌದೆಂದು ತಲೆಯಾಡಿಸಿ, ಮುಂದೆ ಹಿಡಿದಿದ್ದ ಮಗುವನ್ನು ಎದೆಗೆ ಒತ್ತಿಕೊಂಡಳು. ಅಷ್ಟು ವರ್ಷದ ಸೂಲಗಿತ್ತಿತನದಲ್ಲಿ, ಮಗುವಿಗಿಂತ ಮೊದಲು ತಾಯಿಯನ್ನು ಕೇಳಿದ ಗಂಡಸನ್ನು ಅವಳು ಕಂಡದ್ದು ಅದೇ ಮೊದಲು.