ಡೋಣಿ ದಂಡೆಯ ಬೋರ್ಡು

ದಾರಿಗಳಿಗೆ ವ್ಯಕ್ತಿಗಳ ಹೆಸರು ಇಡಬಾರದು ಎಂದು ವಾದಿಸಿ ನಾನು ಮುದ್ದೇಬಿಹಾಳದ ಕಾಲೇಜಿನಲ್ಲಿ ಕಪ್ ಗೆದ್ದವಳು. ಹಾಗಾಗಿ ತಾಳಿಕೋಟೆಯ ಡೋಣಿ ಹೊಳೆಯ ದಂಡೆಯ ಕಾಲುದಾರಿಗೆ ನಮ್ಮ ದೊಡ್ಡವ್ವನ ಹೆಸರಿಡುತ್ತಾರೆಂದು ಕೇಳಿದಾಗ ನನ್ನ ವಾದ ತಯಾರೇ ಇತ್ತು. ಮನೆಯಲ್ಲಿ ಕೇಳುವವರು ತಯಾರಿರಲಿಲ್ಲ, ಅಷ್ಟೇ.

ದೊಡ್ಡವ್ವ ಆ ದಂಡೆಯ ಬೇವಿನ ಸಸಿಗಳನ್ನು ಆಡುಗಳಿಂದ, ಗೀಜಗನ ಗೂಡುಗಳನ್ನು ಹುಡುಗರಿಂದ ಕಾದವಳು. ಬೇಲಿ ಕಟ್ಟಿ ಅಲ್ಲ, ಬೈದು. ಆದರೆ ಕೋಳಿ ಅಂಗಡಿಯ ಪುಕ್ಕದ ಚೀಲ, ಮಂಗಲ ಕಾರ್ಯಾಲಯದ ಎಂಜಲು ತಾಟುಗಳ ಮುಂದೆ ಆ ಬೈಗುಳವೂ ಸೋತಿತ್ತು. ಬೆಳಗಾದರೆ ಹೊಸ ರಾಶಿ. ಅದರಡಿ ಸಿಕ್ಕಿ ಒಂದೊಂದೇ ಸಸಿ ಸಾಯುತ್ತಿತ್ತು. ಅವಳಿಗೆ ಬೇಕಿದ್ದದ್ದು ಕಸ ನಿಲ್ಲುವುದು. ಊರ ಹಿರಿಯರು ಕೊಟ್ಟದ್ದು ಹೆಸರು. ಹೆಸರು ಕೊಡುವುದು ಬಾಯಿ ಮುಚ್ಚಿಸುವ ಅಗ್ಗದ ಉಪಾಯ ಎಂದು ನಾನು ಮಂಡಿಸಿದೆ. ನಿನ್ನ ವಾದ ಒಂದು ಬುಟ್ಟಿ ಕಸ ಎತ್ತುತ್ತದೇನು ಎಂದು ದೊಡ್ಡವ್ವ ಕೇಳಿದಳು.

ಸಮಾರಂಭದ ದಿನ ಅವಳು ಇಳಕಲ್ ಸೀರೆಯುಟ್ಟು, ಹೊದಿಸಿದ ಶಾಲಿನೊಳಗೆ ಬೆವರುತ್ತ ಮುಂದಿನ ಕುರ್ಚಿಯಲ್ಲಿ ಕೂತಿದ್ದಳು. ಹಿರಿಯರೊಬ್ಬರು ಪರದೆ ಎಳೆದರು. ಚಪ್ಪಾಳೆ ಶುರುವಾಗಿ ನಡುವೆಯೇ ನಿಂತಿತು. ಬೋರ್ಡಿನಲ್ಲಿ ಅವಳ ಹೆಸರಿಗಿಂತ ಮೊದಲು, ಅಷ್ಟೇ ದಪ್ಪ ಅಕ್ಷರದಲ್ಲಿ, ‘ಲಿಂಗೈಕ್ಯ’ ಎಂದಿತ್ತು. ಹಿಂದಿನ ಸಾಲಿನ ಮುದುಕರೊಬ್ಬರು ಆಗಲೇ ಕೈಮುಗಿದು ಕಣ್ಣು ಮುಚ್ಚಿದ್ದರು.

ದೊಡ್ಡವ್ವ ಚಷ್ಮಾ ಸರಿಮಾಡಿಕೊಂಡು ಎರಡು ಸಲ ಓದಿದಳು.

“ನಾ ಹೋಗಿದ್ದು ಯಾವಾಗ್ರಿ?”

ಬೋರ್ಡು ಬರೆದ ಪೇಂಟರನನ್ನು ಹಿಡಿದು ತಂದರು. ಅವನು ತಪ್ಪೊಪ್ಪಿಕೊಳ್ಳಲಿಲ್ಲ. ಬಸ್ ತಂಗುದಾಣಕ್ಕೆ, ಶಾಲೆಯ ಕೋಣೆಗೆ, ಕುಡಿಯುವ ನೀರಿನ ಟಾಕಿಗೆ ತಾನು ಬರೆದ ಹೆಸರೆಲ್ಲ ತೀರಿಹೋದವರದೇ ಎಂದ.

“ಬದುಕಿದ್ದವರ ಹೆಸರಿಗೂ ಬೋರ್ಡ್ ಬರಸ್ತಾರಂತ ನನಗ ಯಾರ್ ಹೇಳ್ಯಾರ್ರಿ?”

ಆ ವಾದದಲ್ಲಿ ನನಗೊಂದೂ ತೂತು ಸಿಗಲಿಲ್ಲ. ಪೇಂಟರ ಸಿಂದಗಿಯಲ್ಲಿ ಗುಡಿಯೊಂದರ ಕೆಲಸ ಹಿಡಿದಿದ್ದ. ಮುಗಿಸಿ ಬಂದು ಅಳಿಸುತ್ತೇನೆಂದು ಹೋದ.

ಅಷ್ಟರೊಳಗೆ ಬೋರ್ಡಿಗೆ ಯಾರೋ ವಿಭೂತಿ ಹಚ್ಚಿದರು. ಇನ್ಯಾರೋ ಚೆಂಡು ಹೂವಿನ ಮಾಲೆ ಹಾಕಿದರು. ವಾಯುವಿಹಾರಕ್ಕೆ ಬಂದವರು ಅಲ್ಲಿಗೆ ಬಂದೊಡನೆ ಚಪ್ಪಲಿ ಬಿಡತೊಡಗಿದರು. ಒಂದು ಮುಂಜಾನೆ ಕೋಳಿ ಅಂಗಡಿಯವನು ಬೈಕಿನ ಮೇಲೆ ಚೀಲ ಹೇರಿಕೊಂಡು ಬಂದ, ಬೋರ್ಡು ನೋಡಿದ, ಹಣೆ ಮುಟ್ಟಿಕೊಂಡು ಬೈಕು ತಿರುಗಿಸಿದ. ನಾನು ಓಡಿಹೋಗಿ ತಡೆದೆ. ದೊಡ್ಡವ್ವ ಬದುಕಿದ್ದಾಳೆಂದು ಅವನಿಗೆ ಗೊತ್ತು. ಹಿಂದಿನ ವಾರವಷ್ಟೇ ಬೈಸಿಕೊಂಡಿದ್ದ.

“ಗೊತ್ತೈತಿ ಅಕ್ಕಾರ. ಆದ್ರ ಹಂತಾ ಬೋರ್ಡಿನ ಮುಂದ ಹೆಂಗ ಚೆಲ್ಲೂದ್ರಿ?”

ರಾಶಿ ಕರಗಿತು. ಪೇಂಟರ ಡಬ್ಬಿ, ಕುಂಚ ಹಿಡಿದು ಬಂದಾಗ ದೊಡ್ಡವ್ವ ಅವನಿಗೆ ಚಹಾ ಕುಡಿಸಿ ಹಾಗೇ ಕಳಿಸಿದಳು. ನಾನು ಬಿಡಲಿಲ್ಲ. ಸುಳ್ಳಿನ ಮೇಲೆ ನಿಂತ ಸ್ವಚ್ಛತೆ ಸ್ವಚ್ಛತೆಯೇ ಅಲ್ಲ, ಇದು ಮೂಢನಂಬಿಕೆಗೆ ನೀರೆರೆದಂತೆ ಎಂದೆಲ್ಲ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತ ಪೂರ್ತಿ ಕೇಳಿದಳು.

“ಇದ್ದಾಗ ನನ್ನ ಮಾತ ಯಾರ್ ಕೇಳಿದ್ರು ಯವ್ವಾ? ಸತ್ತ ಮ್ಯಾಲ ಕೇಳಾಕತ್ತಾರ. ಇನ್ನೊಂದಿಷ್ಟ ದಿನ ಸತ್ತಿರ್ತೇನಿ ಬಿಡು.”

ಮೊನ್ನೆ ಅಲ್ಲಿಗೆ ಹೋಗಿದ್ದೆವು. ಇಂಡಿ ಕಡೆಯ ಒಬ್ಬರು, ಬಸ್ಸಿಗೆ ಹೊತ್ತಿದೆಯೆಂದು ದಂಡೆಗೆ ಬಂದವರು, ಬೋರ್ಡಿಗೆ ಕೈಮುಗಿದು, ಈ ತಾಯಿ ಹೆಂಥವರಿದ್ದರೆಂದು ದೊಡ್ಡವ್ವನನ್ನೇ ಕೇಳಿದರು. ಅವಳು ನನ್ನತ್ತ ಒಮ್ಮೆ ಕಣ್ಣು ಬಿಟ್ಟಳು. ಕಪ್ ಗೆದ್ದ ನಾನು ಬಾಯಿ ಮುಚ್ಚಿಕೊಂಡೆ.

“ಭಾಳ ಶಾಂತ ಇದ್ಲರಿ,” ಎಂದಳು. “ಒಬ್ಬರಿಗೆ ಒಂದ ಮಾತ ಅಂದಾಕಿ ಅಲ್ಲ.”

ಅಷ್ಟರಲ್ಲಿ ಆಡೊಂದು ಬಂದು ಸಸಿಗೆ ಬಾಯಿ ಹಾಕಿತು.