ಅರ್ಧಕ್ಕೆ ನಿಂತ ರಂಗೋಲಿ

ವಿಜಯನಗರದ ನಮ್ಮ ವಠಾರದಲ್ಲಿದ್ದ ಲೆಕ್ಕದ ಟೀಚರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೆಂದರೆ ಏನೋ ನಡೆಯಲಿದೆ ಎಂದೇ ಅರ್ಥ. ಎಂಬತ್ತರ ದಶಕದಲ್ಲೇ ಅವರ ಬಳಿ ಟೀವಿಗೆ ಜೋಡಿಸುವ ಪುಟ್ಟ ಕಂಪ್ಯೂಟರ್ ಇತ್ತು. ಟೀವಿ ಮಾತ್ರ ಮನೆ ಓನರ್ ಅಜ್ಜಿಯದು. ಕಂಪ್ಯೂಟರಿನಿಂದ ಟೀಚರು ಅದರ ಪರದೆಯ ಮೇಲೆ ಬರೆಸುತ್ತಿದ್ದ ರಂಗೋಲಿ ಮೆಮೊರಿ ಸಾಲದೆ ಪ್ರತಿ ಸಲವೂ ಅರ್ಧಕ್ಕೇ ನಿಲ್ಲುತ್ತಿತ್ತು.

ಒಂದು ಭಾನುವಾರ ಹೊಸ ಮೆಮೊರಿ ಚಿಪ್‌ಗಳನ್ನು ತಾವೇ ಕೂರಿಸಿದರು. ಪರದೆ ಪೂರ್ತಿ ಕಪ್ಪಾಯಿತು. ಸಂಜೆಯ ಸಿನಿಮಾಕ್ಕೆಂದು ವಠಾರದವರೆಲ್ಲ ಆಗಲೇ ಚಾಪೆ ಹಾಸಿ ಕೂತಿದ್ದೆವು.

"ನನ್ ಟೀವಿ ಕೆಡಿಸಿಬಿಟ್ಯಲ್ಲೇ. ಆಗಲ್ಲ ಅಂದ್ರೆ ಬಿಟ್ಬಿಡು," ಎಂದರು ಅಜ್ಜಿ.

"ಆಗ್ದೆ ಎಲ್ಲಿಗೆ ಹೋಗತ್ತೆ ಅಜ್ಜಿ?" ಲೆಕ್ಕ ಬರಲ್ಲ ಎಂದು ಅಳುವ ಮಕ್ಕಳಿಗೂ ಟೀಚರು ಅದನ್ನೇ ಹೇಳುತ್ತಿದ್ದರು.

ಕಂಪ್ಯೂಟರ್ ಆರಿಸಿ, ಒಂದೊಂದೇ ಚಿಪ್ ಕಿತ್ತು ಬೆಳಕಿಗೆ ಹಿಡಿದರು. ಒಂದರ ತಂತಿಯಂಥ ಕಾಲು ತೂತಿಗೆ ಇಳಿಯದೆ ಹೊಟ್ಟೆಯಡಿ ಮಡಚಿಕೊಂಡಿತ್ತು. ಬಳೆಗೆ ಸಿಕ್ಕಿಸಿದ್ದ ಪಿನ್ನಿನಿಂದ ಅದನ್ನು ನೆಟ್ಟಗೆ ಮಾಡಿ, ಉಸಿರು ಹಿಡಿದು ಕೂರಿಸಿದರು. ನಾವೂ ಉಸಿರು ಹಿಡಿದಿದ್ದೆವು.

ಮತ್ತೆ ಸ್ವಿಚ್ ಹಾಕಿದರು. ಪರದೆ ಬೆಳಗಿತು. ಬೇಗಬೇಗ ಪ್ರೋಗ್ರಾಂ ಹಾಕಿದರು. ಬಿಳಿ ಎಳೆ ಚುಕ್ಕಿಗಳನ್ನು ಸುತ್ತುತ್ತ, ದಿನವೂ ನಿಲ್ಲುವ ಜಾಗ ದಾಟಿ, ಹೊರಟಲ್ಲಿಗೇ ಬಂದು ಕೂಡಿಕೊಂಡಿತು.

"ಅಜ್ಜಿ, ಸಿನಿಮಾ ಶುರುವಾಗಿರತ್ತೆ. ವೈರ್ ಬಿಚ್ಲಾ?" ಎಂದು ಟೀಚರು ಕೇಳಿದರು.

ಅಜ್ಜಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಸಿನಿಮಾ ಇರ್ಲಿ. ಇನ್ನೊಂದು ಹಾಕೇ."