ಗಿರಿಜಕ್ಕನಿಗೆ ಬೇಕಾಗಿದ್ದ ಮಾತು

ಎಷ್ಟು ಓದಿದ್ದೀ ಎಂದು ಯಾರಾದರೂ ಕೇಳಿದರೆ ಗಿರಿಜಕ್ಕ ಫೇಲಾದಲ್ಲಿಂದ ಶುರು ಮಾಡುತ್ತಿದ್ದಳು. “ಪಿಯುಸಿ ಇಂಗ್ಲಿಷ್ ಒಮ್ಮೆ ಹೋಗೇತ್ರಿ. ಆಮ್ಯಾಲೆ ಬೈಲಹೊಂಗಲದಾಗ ಬಿಎಸ್ಸಿ, ಧಾರವಾಡದಾಗ ಎಂಎಸ್ಸಿ ಕಂಪ್ಯೂಟರ್. ಈಗ ಪಿಎಚ್‌ಡಿ, ಮುಗದಿಲ್ಲ.” ಕನ್ಯಾ ನೋಡಲು ಬಂದವರಿಗೂ ಇದೇ ಕ್ರಮ. ಅವರು ಚಹಾ ಕುಡಿದು ಹೋದರು.

ಕಟಕೋಳದ ಗಿರಿಜಕ್ಕ ನನ್ನ ದೊಡ್ಡವ್ವನ ಮಗಳು. ಅವಳ ಸಂಶೋಧನೆ ಕೃತಕ ಬುದ್ಧಿಮತ್ತೆಯಲ್ಲಿ: ನಮ್ಮ ಕಡೆಯ ಮಾತು ಕೇಳಿ ಬರೆದುಕೊಳ್ಳುವ ಯಂತ್ರ. ಈಗಿರುವ ಯಂತ್ರಗಳು ವಾರ್ತೆ ಓದುವವರ ಕನ್ನಡ ಬಿಟ್ಟು ಬೇರೆ ಕೇಳಿಯೇ ಇಲ್ಲ ಎಂಬುದು ಅವಳ ದೂರು. ನಾನು ಚರ್ಚಾಸ್ಪರ್ಧೆಗಳಲ್ಲಿ ಗೆದ್ದವನು. ಒಪ್ಪಲಿಲ್ಲ.

“ಅಕ್ಕಾ, ಯಂತ್ರಕ್ಕ ಏನೂ ತಿಳಿಯಂಗಿಲ್ಲ.”

“ತಿಳಿಯೂದು ಬ್ಯಾಡೋ ತಮ್ಮಾ, ಪೂರಾ ಕೇಳಿಸ್ಕೊಂಡ್ರ ಸಾಕು. ನಿನಗೂ ಅಷ್ಟ ಹೇಳಾಕತ್ತೇನಿ.”

ಅವಳ ಗೈಡ್ ಒಂದು ತಿಂಗಳ ಗಡುವು ಕೊಟ್ಟಿದ್ದರು. ಹತ್ತು ತಾಸು ಸಹಜ ಮಾತು ರೆಕಾರ್ಡ್ ಮಾಡಿ ತರಬೇಕು, ಇಲ್ಲವೇ ವಿಷಯ ಬದಲಿಸಬೇಕು. ಆಗಲೇ ಮೂರು ವರ್ಷ ಅದರಲ್ಲಿ ಕಳೆದಿದ್ದವು. ಸಂಗೊಳ್ಳಿಯ ನಮ್ಮ ಮನೆಗೆ ಬಂದಿಳಿದು, ಬಾಜೂ ಮನೆಯ ಮುದುಕಿ ಗಂಗವ್ವಾಯಿಯ ಒಪ್ಪಿಗೆ ಕೇಳಿ, ಮುಂದೆ ಮೊಬೈಲ್ ಇಟ್ಟಳು. ಆಯಿ ಸೆರಗು ಸರಿಮಾಡಿಕೊಂಡು, ಗೋಡೆಯತ್ತ ನೋಡಿ, “ನಮ್ಮ ಗ್ರಾಮದಲ್ಲಿ ಜೋಳವನ್ನು ಬೆಳೆಯಲಾಗುತ್ತದೆ” ಅಂದಳು. ರೇಡಿಯೊದ ಕೃಷಿ ಕಾರ್ಯಕ್ರಮ ಸಾರ್ಥಕವಾಗಿತ್ತು. ಇಡೀ ಓಣಿ ತಿರುಗಿದರೂ ಇದೇ ಭಾಷಣ. ಗಿರಿಜಕ್ಕ ಆ ದಿನ ಊಟ ಮಾಡಲಿಲ್ಲ.

ಮರುದಿನ ಆಯಿಯ ಮನೆಗೆ ನನ್ನನ್ನೂ ಕರೆದೊಯ್ದಳು. ಮೊಬೈಲ್ ಚಾಲೂ ಆಯಿತು. ನಾನು ವಾದ ಮಂಡಿಸಿದೆ.

“ಆಯಿ, ನೀವು ಮಾಡೂ ಝುಣಕಾಕ್ಕಿಂತ ನಮ್ಮವ್ವಂದು ಚಲೋ ಇರತೈತಿ ನೋಡ್ರಿ.”

“ಯಾರ ಅಂದಾರ್ಲೇ? ಮದಿವಿ ಆಗಿ ಬಂದಾಗ ನಿಮ್ಮವ್ವಗ ಒಗ್ಗರಣಿ ಹಾಕಾಕ ಬರ್ತಿರಲಿಲ್ಲ! ಕಲಿಸಿದಾಕಿ ನಾ!”

ಅರ್ಧ ತಾಸು ನಿಲ್ಲಲಿಲ್ಲ. ಎಲ್ಲ ತಣ್ಣಗಾದ ಮೇಲೆ ಗಿರಿಜಕ್ಕ ಕೇಳಿದಳು, “ಇದನ್ನ ಇಟ್ಕೊಳ್ಳೇನ್ರಿ ಆಯಿ?”

“ಇಟ್ಕೋ ಯವ್ವಾ. ಇಂವನ ಮಾತಷ್ಟ ತಗದ ಹಾಕು.”

ಎರಡು ವಾರ ಇದೇ ದಂಧೆ ನಡೆಯಿತು, ಮನೆಗೊಂದು ಜಗಳ, ಕೊನೆಗೊಂದು ಒಪ್ಪಿಗೆ. ಗಡುವಿನೊಳಗೆ ಹನ್ನೊಂದು ತಾಸು ಸಿಕ್ಕಿತು. ಅವಳ ವಿಷಯ ಉಳಿಯಿತು. ಓಣಿಯ ನಾಲ್ಕು ಮನೆಯವರು ನನ್ನೊಡನೆ ಮಾತು ಬಿಟ್ಟರು.

ಹೊರಡುವ ದಿನ ಬೈಲಹೊಂಗಲ ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲನ್ನು ನನ್ನ ಮುಂದೆ ಹಿಡಿದಳು. “ನಿಂದೊಂದು ಉಳದೈತಿ. ಏನರ ಮಾತಾಡು.”

ನಾನು ಗಂಟಲು ಸರಿಮಾಡಿಕೊಂಡೆ. “ತಮ್ಮ ಸಂಶೋಧನೆಯು ಯಶಸ್ವಿಯಾಗಲೆಂದು ಹಾರೈಸುತ್ತೇನೆ.”

ಗಿರಿಜಕ್ಕ ಅದನ್ನು ಅಳಿಸಿದಳು. “ಇದು ನಡಿಯಂಗಿಲ್ಲೋ ತಮ್ಮಾ.”

ಬಸ್ಸು ತಿರುವು ದಾಟಿದ ಮೇಲೆ “ಅಕ್ಕಾ, ಲಗೂ ಬಾ” ಅಂದೆ. ಮೊಬೈಲ್ ಅವಳ ಚೀಲದಲ್ಲಿತ್ತು.